ಹಸುವಿನ ತೇಗು ಕಡಿಮೆ ಮಾಡೋಣ: ದ್ವಿದಳ ಮೇವಿನ ಸಮಗ್ರ ಮಾರ್ಗದರ್ಶಿ

ಮಧ್ಯಾಹ್ನ ಮೇವು ತಿಂದು ನೆರಳಲ್ಲಿ ಮಲಗಿದ ಹಸುವಿನ ಪಕ್ಕ ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಮೆಲುಕು ಹಾಕುತ್ತಾ ಇರುತ್ತದೆ. ಒಂದೆರಡು ನಿಮಿಷಕ್ಕೊಮ್ಮೆ ಸದ್ದಿಲ್ಲದೆ ತೇಗುತ್ತದೆ. ಆ ತೇಗಿನಲ್ಲಿ ಮೀಥೇನ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವುದು ಗಂಜಲದ ಅಮೋನಿಯ, ಅದೇ ಬೇರೆ.

ದೊಡ್ಡ ಹಸುವೊಂದು ದಿನಕ್ಕೆ 250ರಿಂದ 500 ಲೀಟರ್ ಮೀಥೇನ್ ಹೊರಗೆ ಬಿಡುತ್ತದೆ. ಇದರಲ್ಲಿ ಬಹುಪಾಲು ಬಾಯಿಂದಲೇ ಹೋಗುತ್ತದೆ. ಹಿಂದಿನಿಂದ ಅಂತ ಜನ ನಗುತ್ತಾರೆ, ಅದು ತಪ್ಪು. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 27 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ. ಹವಾಮಾನದ ಮಾತು ಆಕಡೆ ಇರಲಿ, ನಮ್ಮ ಜೇಬಿನ ಲೆಕ್ಕ ನೋಡೋಣ. ದಿನಕ್ಕೆ 240 ಗ್ರಾಂ ಮೀಥೇನ್ ಬಿಡುವ ಹಸು, ಸುಮಾರು ಐವತ್ತು ದಿನದಲ್ಲಿ ಒಂದು ಅಡುಗೆ ಸಿಲಿಂಡರ್‌ನಷ್ಟು ಶಕ್ತಿಯನ್ನು ಗಾಳಿಗೆ ತೂರುತ್ತದೆ. ಆ ಶಕ್ತಿ ಬಂದದ್ದು ನೀವು ದುಡ್ಡು ಕೊಟ್ಟು ತಂದ ಹಿಂಡಿಯಿಂದ, ನೀವು ಕೊಯ್ದು ಹೊತ್ತು ತಂದ ಮೇವಿನಿಂದ.

ದ್ವಿದಳ ಮೇವು ಬೆಳೆದು, ಸರಿಯಾದ ಲೆಕ್ಕದಲ್ಲಿ ತಿನ್ನಿಸಿ ಈ ನಷ್ಟವನ್ನು ತಗ್ಗಿಸುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಎರಡು ಮೂರು ಸೀಮೆ ಹಸು, ಸ್ವಲ್ಪ ನೀರಾವರಿ, ಅಟ್ಟದಲ್ಲಿ ರಾಗಿ ಹುಲ್ಲು ಇರುವ ಮನೆಯನ್ನು ಮನಸ್ಸಲ್ಲಿ ಇಟ್ಟುಕೊಂಡಿದ್ದೇನೆ.

ಮೊದಲು ಹೊಟ್ಟೆಯೊಳಗೆ ಏನಾಗುತ್ತದೆ

ಹಸುವಿನ ಮೆಲುಕು ಚೀಲ ಅಂದರೆ ನೂರು ಲೀಟರ್‌ಗೂ ಹೆಚ್ಚು ಹಿಡಿಯುವ ಒಂದು ಹುದುಗು ಹಂಡೆ. ಒಳಗೆ ಸುಮಾರು 39 ಡಿಗ್ರಿ ಬಿಸಿ, ಗಾಳಿ ಇಲ್ಲ. ಅಲ್ಲಿ ಬ್ಯಾಕ್ಟೀರಿಯಾ, ಶಿಲೀಂಧ್ರ, ಪ್ರೋಟೋಜೋವಾ ಅನ್ನುವ ಏಕಕೋಶ ಜೀವಿಗಳು ಸೇರಿ ಹುಲ್ಲಿನ ನಾರನ್ನು ಒಡೆಯುತ್ತವೆ. ಹಸು ಬದುಕುವುದು ಅವು ಬಿಟ್ಟುಕೊಟ್ಟ ಆಮ್ಲಗಳ ಮೇಲೆ. ನಾವು ಹಸುವಿಗೆ ತಿನ್ನಿಸುತ್ತೇವೆ ಅಂದುಕೊಳ್ಳುತ್ತೇವೆ. ಮೊದಲ ಪಂಕ್ತಿಯಲ್ಲಿ ಉಣ್ಣುವುದು ಈ ಜೀವಿಗಳು.

ನಾರು ಒಡೆಯುವಾಗ ಹೈಡ್ರೋಜನ್ ಹುಟ್ಟುತ್ತದೆ. ಅದು ಹಾಗೇ ಶೇಖರವಾದರೆ ಹುದುಗುವ ಕೆಲಸ ಕುಂಟುತ್ತದೆ. ಹಾಗಾಗಿ ಅದನ್ನು ತೆಗೆದುಹಾಕಲು ಆರ್ಕಿಯಾ ಅನ್ನುವ ಇನ್ನೊಂದು ಬಳಗ ಇದೆ. ಅವು ನಾಲ್ಕು ಪಾಲು ಹೈಡ್ರೋಜನ್, ಒಂದು ಪಾಲು ಇಂಗಾಲದ ಡೈಆಕ್ಸೈಡ್ ಸೇರಿಸಿ ಮೀಥೇನ್ ಮಾಡುತ್ತವೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಇದೇ ಬಳಗದ ಜೀವಿಗಳನ್ನು ನಾವು ಬೇಕೆಂದೇ ಸಾಕುತ್ತೇವೆ, ಅಲ್ವಾ? ಗುಂಡಿಯಲ್ಲಿ ಆದರೆ ಲಾಭ, ಹಸುವಿನ ಹೊಟ್ಟೆಯಲ್ಲಿ ಆದರೆ ನಷ್ಟ. ಮೇವನ್ನು ನೋಡಿಕೊಂಡು ಅದರ ಒಟ್ಟು ಶಕ್ತಿಯಲ್ಲಿ ಶೇ. 2ರಿಂದ 12ರಷ್ಟು ಹೀಗೆ ಹೋಗುತ್ತದೆ.

ಆ ಜೀವಿಗಳು ಬಿಟ್ಟುಕೊಡುವ ಆಮ್ಲಗಳಲ್ಲಿ ಅಸಿಟೇಟ್, ಪ್ರೊಪಿಯೊನೇಟ್ ಅನ್ನುವ ಎರಡು ಇವೆ. ನಾರು ಹೆಚ್ಚಿದ್ದರೆ ಅಸಿಟೇಟ್ ಜಾಸ್ತಿ, ಹೈಡ್ರೋಜನ್ ಜಾಸ್ತಿ, ಮೀಥೇನ್ ಜಾಸ್ತಿ. ಪ್ರೊಪಿಯೊನೇಟ್ ಹೆಚ್ಚಾದರೆ ಹೈಡ್ರೋಜನ್ ಅಲ್ಲೇ ಖರ್ಚಾಗುತ್ತದೆ, ತೇಗಿಗೆ ಕಡಿಮೆ ಉಳಿಯುತ್ತದೆ.

ದ್ವಿದಳ ಮೇವು ಮಾಡುವ ಕೆಲಸ

ಜನ ಟ್ಯಾನಿನ್ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ನನ್ನ ಪ್ರಕಾರ ನಮ್ಮ ಕೊಟ್ಟಿಗೆಗಳಲ್ಲಿ ಅದು ಎರಡನೇ ವಿಷಯ. ಮೊದಲನೆಯದು ಹಸಿವು. ರಾಗಿ ಹುಲ್ಲು, ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇ. 3-4 ಮಾತ್ರ. ಮೆಲುಕು ಚೀಲದ ಜೀವಿಗಳಿಗೆ ಚೆನ್ನಾಗಿ ಕೆಲಸ ಮಾಡಲು ಮೇವಿನಲ್ಲಿ ಕನಿಷ್ಠ ಶೇ. 7-8 ಪ್ರೋಟೀನ್ ಬೇಕು. ಇಲ್ಲದಿದ್ದರೆ ಹುಲ್ಲು ಒಳಗೇ ನಿಧಾನಕ್ಕೆ ಕೊಳೆಯುತ್ತಾ ಕೂರುತ್ತದೆ. ಹೊಟ್ಟೆ ತುಂಬಿದಂತಿರುತ್ತದೆ, ಹಾಲು ಬರುವುದಿಲ್ಲ. ತೇಗು ಮಾತ್ರ ನಿಲ್ಲುವುದಿಲ್ಲ. ದ್ವಿದಳ ಸೊಪ್ಪಿನಲ್ಲಿ ಪ್ರೋಟೀನ್ ಶೇ. 18-22 ಇರುತ್ತದೆ. ನಾರು ಕಡಿಮೆ. ಬೇಗ ಅರಗಿ ಮುಂದೆ ಸಾಗುತ್ತದೆ.

ಆಮೇಲೆ ಒಗರು. ಟ್ಯಾನಿನ್ ಅಂದರೆ ನಮ್ಮ ಒಗರೇ. ಬಾಳೆಕಾಯಿ, ಎಳೆ ಅಡಿಕೆ ಅಗಿದಾಗ ನಾಲಿಗೆ ಮುದುಡುತ್ತದಲ್ಲ, ಅದು. ತಂಗಡಿ ತೊಗಟೆ ಚರ್ಮ ಹದ ಮಾಡುವುದೂ ಇದೇ ಗುಣದಿಂದ: ಪ್ರೋಟೀನ್ ಕಂಡರೆ ಹಿಡಿದುಕೊಳ್ಳುತ್ತದೆ. ಹಸುವಿನ ಹೊಟ್ಟೆಯಲ್ಲೂ ಹಾಗೇ. ಆರ್ಕಿಯಾಗಳನ್ನು ಸ್ವಲ್ಪ ಹತ್ತಿಕ್ಕುತ್ತದೆ, ನಾರಿನ ಹುದುಗುವಿಕೆಯನ್ನೂ ಸ್ವಲ್ಪ ನಿಧಾನ ಮಾಡುತ್ತದೆ. ಮೇವಿನ ಪ್ರೋಟೀನ್ ಮೆಲುಕು ಚೀಲದಲ್ಲಿ ಪೋಲಾಗದೆ ಮುಂದಿನ ಹೊಟ್ಟೆಗೆ ಹೋಗುತ್ತದೆ. ಅಲ್ಲಿನ ಆಮ್ಲದಲ್ಲಿ ಬಿಡಿಸಿಕೊಂಡು ಹಸುವಿಗೆ ಸಿಗುತ್ತದೆ. ಗಂಜಲದ ಘಾಟು ಕೂಡ ಕಡಿಮೆಯಾಗುತ್ತದೆ, ಏಕೆಂದರೆ ಸಾರಜನಕ ಗಂಜಲಕ್ಕಿಂತ ಸಗಣಿಗೆ ಹೆಚ್ಚು ಹೋಗುತ್ತದೆ.

ಅಳತೆ ಮುಖ್ಯ. ಒಟ್ಟು ಮೇವಿನ ಒಣ ತೂಕದಲ್ಲಿ ಟ್ಯಾನಿನ್ ಶೇ. 2-4 ಇದ್ದರೆ ಒಳ್ಳೆಯದು. ಶೇ. 5 ದಾಟಿದರೆ ಹಸು ಮೇವು ಬಿಡುತ್ತದೆ, ಅರಗುವುದೂ ಕಡಿಮೆಯಾಗುತ್ತದೆ.

ಮೂರನೆಯದು ಸಪೋನಿನ್. ಅಂಟುವಾಳಕಾಯಿ ನೊರೆ ಬರುವುದು ಇದರಿಂದಲೇ. ಇದು ಪ್ರೋಟೋಜೋವಾಗಳ ಪೊರೆ ಒಡೆಯುತ್ತದೆ. ಕೆಲವು ಆರ್ಕಿಯಾಗಳು ಈ ಪ್ರೋಟೋಜೋವಾಗಳಿಗೆ ಅಂಟಿಕೊಂಡೇ ಬದುಕುತ್ತವೆ. ಮನೆ ಬಿದ್ದರೆ ಬಾಡಿಗೆಯವರೂ ಹೊರಗೆ.

ಹೆಜ್ಜೆ 1: ಒಂದು ವಾರ ತೂಗಿ ಬರೆಯಿರಿ

ಗಿಡ ನೆಡುವ ಮೊದಲು ಇದನ್ನು ಮಾಡಿ. ಒಂದು ತೂಗು ತಕ್ಕಡಿ, ಒಂದು ನೋಟ್‌ಬುಕ್ ಸಾಕು. ಪ್ರತಿ ಹಸುವಿಗೆ ದಿನಕ್ಕೆ ಹಸಿ ಹುಲ್ಲು ಎಷ್ಟು, ಒಣಹುಲ್ಲು ಎಷ್ಟು, ಹಿಂಡಿ ಎಷ್ಟು, ಹಾಲು ಎಷ್ಟು, ಫ್ಯಾಟ್ ಎಷ್ಟು. ಗೋದಲಿಯಲ್ಲಿ ಉಳಿದದ್ದನ್ನೂ ತೂಗಿ. ‘ಒಂದು ಹೊರೆ’ ಅನ್ನುವ ಅಳತೆ ನಂಬಬೇಡಿ. ನಮ್ಮ ಮನೆಯಲ್ಲಿ ನಾನು ಕಟ್ಟಿದ ಹೊರೆ 14 ಕೆಜಿ, ತಮ್ಮ ಕಟ್ಟಿದ್ದು 22 ಕೆಜಿ.

ಬಂದ ಅಂಕಿಯನ್ನು ಒಣ ತೂಕಕ್ಕೆ ಇಳಿಸಿ. ಸೀಮೆ ಹುಲ್ಲಿನಲ್ಲಿ ಸುಮಾರು ಶೇ. 20 ಮಾತ್ರ ಒಣ ಪದಾರ್ಥ, ಉಳಿದದ್ದು ನೀರು. ದ್ವಿದಳ ಸೊಪ್ಪಿನಲ್ಲಿ ಶೇ. 25. ಒಣಹುಲ್ಲು, ಹಿಂಡಿಯಲ್ಲಿ ಶೇ. 90. ಹಾಲು ಕೊಡುವ 400 ಕೆಜಿಯ ಹಸುವಿಗೆ ದಿನಕ್ಕೆ ಸುಮಾರು 12 ಕೆಜಿ ಒಣ ಪದಾರ್ಥ ಬೇಕು.

ಹೆಜ್ಜೆ 2: ಗಿಡ ಆರಿಸಿ

ಎಲ್ಲವನ್ನೂ ಬೆಳೆಯಲು ಹೋಗಬೇಡಿ. ದಿನಾ ಕೊಯ್ಯಲು ಒಂದು, ಬೇಲಿಗೆ ಒಂದು ಮರ, ಮಳೆಗಾಲಕ್ಕೆ ಒಂದು ಬೆಳೆ ಸಾಕು.

ದಿನಾ ಕೊಯ್ಯಲು ನನ್ನ ಆಯ್ಕೆ ಬೇಲಿ ಮೆಂತೆ (ಹೆಡ್ಜ್ ಲೂಸರ್ನ್). ಬಹುವಾರ್ಷಿಕ. ಒಮ್ಮೆ ಬೇರೂರಿದರೆ ಬಿಸಿಲು ತಡೆಯುತ್ತದೆ. ಸ್ವಲ್ಪ ಒಗರಿದೆ. ಅದರಿಂದಲೇ ಹೊಟ್ಟೆ ಉಬ್ಬರದ ಭಯ ಇಲ್ಲ. ಕುದುರೆ ಮೆಂತೆಯಲ್ಲಿ ಪ್ರೋಟೀನ್ ಚೆನ್ನಾಗಿದೆ, ಸಪೋನಿನ್ ಇದೆ, ಆದರೆ ಒಗರಿಲ್ಲ. ಹಸಿಯಾಗಿ ಜಾಸ್ತಿ ತಿಂದರೆ ಉಬ್ಬರ ಖಂಡಿತ. ಅದಕ್ಕೆ ನೀರು, ಆರೈಕೆ ಎರಡೂ ಬೇಕು.

ಬೇಲಿಗೆ ಸುಬಾಬುಲ್, ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಅಗಸೆ. ಉತ್ತರ ಕರ್ನಾಟಕದ ಓದುಗರು ಗೊಂದಲ ಮಾಡಿಕೊಳ್ಳಬೇಡಿ. ಇದು ಚಟ್ನಿಪುಡಿಯ ಅಗಸೆ ಅಲ್ಲ, ವೀಳ್ಯದೆಲೆ ಬಳ್ಳಿ ಹಬ್ಬಿಸುವ ಮರದ ಅಗಸೆ, ಕೆಲವರ ಬಾಯಲ್ಲಿ ಚೊಗಚೆ. ಗೊಬ್ಬರದ ಗಿಡದ ಸೊಪ್ಪನ್ನು ವಾಸನೆಗೆ ಹಸು ಮೊದಲು ಮೂಸಿ ಬಿಡುತ್ತದೆ. ಒಂದು ರಾತ್ರಿ ಬಾಡಿಸಿ ಹಾಕಿದರೆ ನಿಧಾನಕ್ಕೆ ರೂಢಿಯಾಗುತ್ತದೆ.

ಮಳೆಗಾಲಕ್ಕೆ ಮುಸುಕಿನ ಜೋಳದ ಸಾಲುಗಳ ನಡುವೆ ಅಲಸಂದೆ ಹಾಕಿ. ಮೂರು ಸಾಲು ಜೋಳಕ್ಕೆ ಒಂದು ಸಾಲು ಅಲಸಂದೆ. ಅರ್ಧ ಗಿಡ ಹೂ ಬಿಟ್ಟಾಗ, ಅಂದರೆ 50-55 ದಿನಕ್ಕೆ, ಎರಡನ್ನೂ ಒಟ್ಟಿಗೆ ಕೊಯ್ಯಿರಿ.

ಒಗರು ಇದೆಯೋ ಇಲ್ಲವೋ ತಿಳಿಯಲು ತಿನ್ನುವ ಜಾತಿಯ ಎಲೆಯಾದರೆ ಒಂದು ಚೂರು ಅಗಿದು ಉಗಿಯಿರಿ. ಗುರುತು ಸಿಗದ ಎಲೆಯನ್ನು ಬಾಯಿಗೆ ಹಾಕಬೇಡಿ. ಒಗರು ಜಾಸ್ತಿ ಇರುವ ಸೊಪ್ಪು ಕೊಯ್ದಾಗ ಕಬ್ಬಿಣದ ಕುಡುಗೋಲು ನೀಲಿ-ಕಪ್ಪಾಗುತ್ತದೆ. ಟ್ಯಾನಿನ್, ಕಬ್ಬಿಣ ಸೇರಿದರೆ ಶಾಯಿ ಆಗುತ್ತದೆ, ಅದೇ ಗುರುತು.

ಹೆಜ್ಜೆ 3: ಬೇಲಿ ಮೆಂತೆ ಬಿತ್ತನೆ

ಬಹಳ ಜನ ಸೋಲುವುದು ಇಲ್ಲೇ. ಬೀಜ ತಂದು ಹಾಗೇ ಚೆಲ್ಲುತ್ತಾರೆ. ಹತ್ತರಲ್ಲಿ ಎರಡು ಮೂರು ಮೊಳೆಯುತ್ತವೆ. ‘ಬೀಜ ಕಳಪೆ’ ಅಂತ ಬೈಯುತ್ತಾರೆ. ಬೀಜದ ತಪ್ಪಲ್ಲ. ಅದರ ಸಿಪ್ಪೆ ಕಲ್ಲಿನ ಹಾಗೆ, ನೀರು ಒಳಗೆ ಬಿಡುವುದಿಲ್ಲ.

ಒಂದು ಪಾತ್ರೆಯಲ್ಲಿ ನೀರು ಕುದಿಸಿ, ಒಲೆಯಿಂದ ಇಳಿಸಿ. ಕುದಿ ನಿಂತು ಮೂರು ನಾಲ್ಕು ನಿಮಿಷ ಆದ ಮೇಲೆ, ಅಂದರೆ ಸುಮಾರು 80 ಡಿಗ್ರಿಗೆ ಬಂದಾಗ ಬೀಜ ಸುರಿಯಿರಿ. ನಾಲ್ಕೈದು ನಿಮಿಷ ಕಡ್ಡಿಯಲ್ಲಿ ತಿರುವಿ. ತಕ್ಷಣ ಬಸಿದು ತಣ್ಣೀರಿಗೆ ಹಾಕಿ. ಒಲೆಯ ಮೇಲೇ ಬೀಜ ಹಾಕಿದರೆ ಬೆಂದು ಪಲ್ಯ ಆಗುತ್ತದೆ. ರಾತ್ರಿ ತಣ್ಣೀರಲ್ಲಿ ನೆನೆಯಲಿ. ಬೆಳಗ್ಗೆ ನೋಡಿದರೆ ಗೊತ್ತಾಗುತ್ತದೆ: ಉಬ್ಬಿ ದಪ್ಪ ಆದವು ಮೊಳೆಯುವ ಬೀಜ. ಸಾಸಿವೆಯಷ್ಟೇ ಗಟ್ಟಿಯಾಗಿ ಉಳಿದವು ಇನ್ನೂ ಬಾಗಿಲು ತೆರೆದಿಲ್ಲ. ಅವನ್ನು ಮತ್ತೊಮ್ಮೆ ಬಿಸಿನೀರಿಗೆ ಹಾಕಬಹುದು.

ಆಮೇಲೆ ರೈಜೋಬಿಯಂ, ಅಂದರೆ ಬೀಜಕ್ಕೆ ಹಚ್ಚುವ ಬ್ಯಾಕ್ಟೀರಿಯಾ ಪುಡಿ. ಸ್ವಲ್ಪ ಬೆಲ್ಲದ ನೀರು ಕುದಿಸಿ ಪೂರ್ತಿ ಆರಿಸಿ, ಅದರಲ್ಲಿ ಪುಡಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಅರ್ಧ ಗಂಟೆ ಒಣಗಿಸಿ. 200 ಗ್ರಾಂ ಪ್ಯಾಕೆಟ್ ಹತ್ತು ಕೆಜಿ ಬೀಜಕ್ಕೆ ಸಾಕು. ಬಿಸಿಲಿಗೆ ಇಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ. ಇದು ಬೇರಿನ ಗಂಟಿನಲ್ಲಿ ಕೂತು ಗಾಳಿಯ ಸಾರಜನಕ ಹಿಡಿಯುತ್ತದೆ, ಯೂರಿಯಾ ಖರ್ಚು ಉಳಿಯುತ್ತದೆ.

ಎಕರೆಗೆ 8 ಕೆಜಿ ಬೀಜ, ಗುಂಟೆಗೆ 200 ಗ್ರಾಂ. ಸಾಲಿನ ನಡುವೆ ಅರ್ಧ ಮೀಟರ್. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಂತೆ ಮೊದಲ ಕೊಯ್ಲು 90ನೇ ದಿನ, ನೆಲದಿಂದ 50 ಸೆಂಟಿಮೀಟರ್ ಬಿಟ್ಟು. ಆಮೇಲೆ ಪ್ರತಿ 40 ದಿನಕ್ಕೆ, ಅದೇ ಎತ್ತರಕ್ಕೆ. ಆಸೆಗೆ ಬಿದ್ದು ನೆಲಮಟ್ಟಕ್ಕೆ ಕೊಯ್ದರೆ ಬುಡ ಒಣಗುತ್ತದೆ. ಮೊದಲ ಎರಡು ತಿಂಗಳು ಕಳೆ ತೆಗೆಯಲೇಬೇಕು, ಎಳೆ ಗಿಡ ಬಹಳ ಮೆತ್ತಗೆ.

ಎರಡು ಹಸುವಿಗೆ 8-10 ಗುಂಟೆ ಇದ್ದರೆ ನೆಮ್ಮದಿ. ಜಾಗವನ್ನು 40 ಪಟ್ಟಿ ಮಾಡಿ. ದಿನಕ್ಕೊಂದು ಪಟ್ಟಿ ಕೊಯ್ಯಿರಿ. ನಲವತ್ತನೇ ಪಟ್ಟಿ ಮುಗಿಯುವಾಗ ಮೊದಲನೆಯದು ಮತ್ತೆ ತಯಾರಾಗಿರುತ್ತದೆ.

ಹೆಜ್ಜೆ 4: ನಿಧಾನಕ್ಕೆ ಶುರು ಮಾಡಿ

ಹೊಸ ಮೇವಿಗೆ ಒಳಗಿನ ಜೀವಿಗಳು ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಮೊದಲ ಮೂರು ದಿನ ಒಂದೇ ಕೆಜಿ, ಸೀಮೆ ಹುಲ್ಲಿನ ಜೊತೆ ಕತ್ತರಿಸಿ ಬೆರೆಸಿ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಕೆಜಿ ಏರಿಸಿ. ಮೂರನೇ ವಾರದ ಕೊನೆಗೆ 8 ಕೆಜಿ ತಲುಪಿದರೆ ಸಾಕು.

ಸೇರಿಸುವುದರ ಜೊತೆಗೆ ತೆಗೆಯುವುದೂ ಇದೆ. 8 ಕೆಜಿ ಬೇಲಿ ಮೆಂತೆ ಅಂದರೆ 2 ಕೆಜಿ ಒಣ ಪದಾರ್ಥ, ಸುಮಾರು 360 ಗ್ರಾಂ ಪ್ರೋಟೀನ್. ಒಂದು ಕೆಜಿ ಸಾಧಾರಣ ಪಶು ಆಹಾರದಲ್ಲಿ ಸುಮಾರು 200 ಗ್ರಾಂ ಇರುತ್ತದೆ. ಹಾಗಾಗಿ ಒಂದು ಕೆಜಿ ಪಶು ಆಹಾರ, ಒಂದು ಕೆಜಿ ಒಣಹುಲ್ಲು ಕಡಿಮೆ ಮಾಡಿದರೂ ಶಕ್ತಿಯ ಲೆಕ್ಕ ತಪ್ಪುವುದಿಲ್ಲ. ಅದಕ್ಕಿಂತ ಜಾಸ್ತಿ ತೆಗೆಯಬೇಡಿ. ಒಣಹುಲ್ಲು ಪೂರ್ತಿ ನಿಲ್ಲಿಸಿದರೆ ಫ್ಯಾಟ್ ಇಳಿಯುತ್ತದೆ, ಡೈರಿಯ ಚೀಟಿಯಲ್ಲಿ ಕೆಲವೇ ದಿನದಲ್ಲಿ ಕಾಣುತ್ತದೆ. ಖನಿಜ ಮಿಶ್ರಣ ಹಾಗೇ ಮುಂದುವರಿಯಲಿ.

ಹೆಜ್ಜೆ 5: ಸುಬಾಬುಲ್ ಕೊಡುವವರು ಇದನ್ನು ಓದಿ

ಸುಬಾಬುಲ್ ಎಲೆಯಲ್ಲಿ ಪ್ರೋಟೀನ್ ಇದೆ, ಒಳ್ಳೆಯ ಒಗರಿದೆ, ಮೀಥೇನ್ ತಗ್ಗಿಸುವ ಮೇವುಗಳಲ್ಲಿ ಇದರ ಹೆಸರು ಮುಂದೆ ಬರುತ್ತದೆ. ಜೊತೆಗೆ ಮೈಮೋಸಿನ್ ಅನ್ನುವ ವಿಷವೂ ಇದೆ. ಎಳೆ ಚಿಗುರಿನಲ್ಲಿ ಜಾಸ್ತಿ. ಅತಿಯಾದರೆ ಕೂದಲು ಉದುರುತ್ತದೆ, ಬಾಯಲ್ಲಿ ಜೊಲ್ಲು, ಥೈರಾಯ್ಡ್ ಗ್ರಂಥಿ ಊದುತ್ತದೆ, ಗರ್ಭ ಕಟ್ಟುವುದೂ ಕಷ್ಟ.

ಇಲ್ಲಿ ಒಂದು ಚಂದದ ಕತೆ ಇದೆ. ಆಸ್ಟ್ರೇಲಿಯಾದಲ್ಲಿ ಸುಬಾಬುಲ್ ತಿಂದ ದನಗಳು ಸೊರಗುತ್ತಿದ್ದವು. ಹವಾಯಿಯಲ್ಲಿ ಮೇಕೆಗಳು ಅದೇ ಎಲೆ ಮೇದು ಆರಾಮಾಗಿದ್ದವು. ಅಲ್ಲಿನ ಮೇಕೆಗಳ ಹೊಟ್ಟೆಯಲ್ಲಿ ಬೇರೆ ಯಾವುದೋ ಜೀವಿ ಇರಬೇಕು ಅಂತ ವಿಜ್ಞಾನಿ ರೇಮಂಡ್ ಜೋನ್ಸ್ ಊಹಿಸಿದರು. 1980ರ ದಶಕದಲ್ಲಿ ಆ ಮೇಕೆಗಳ ಮೆಲುಕು ಚೀಲದ ಜೀವಿಗಳನ್ನು ಆಸ್ಟ್ರೇಲಿಯಾದ ಜಾನುವಾರುಗಳಿಗೆ ದಾಟಿಸಿದರು. ಅವು ಚೇತರಿಸಿಕೊಂಡವು. ವಿಷ ಒಡೆಯುವ ಆ ಬ್ಯಾಕ್ಟೀರಿಯಾಕ್ಕೆ 1992ರಲ್ಲಿ ಅವರ ಹೆಸರನ್ನೇ ಸೇರಿಸಿ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ನಾಮಕರಣ ಆಯಿತು. ಒಂದೇ ಎಲೆ, ಹೊಟ್ಟೆಯೊಳಗಿನ ಬಳಗ ಬೇರೆಯಾದರೆ ಒಬ್ಬರಿಗೆ ಊಟ, ಇನ್ನೊಬ್ಬರಿಗೆ ವಿಷ.

ನಿಮ್ಮ ಹಸುವಿನ ಹೊಟ್ಟೆಯಲ್ಲಿ ಆ ಬ್ಯಾಕ್ಟೀರಿಯಾ ಇದೆ ಅಂತ ನಂಬಿ ಕೂರಬೇಡಿ. ಒಟ್ಟು ಒಣ ಪದಾರ್ಥದಲ್ಲಿ ಸುಬಾಬುಲ್ ಶೇ. 30 ದಾಟಬಾರದು. ನಾನು 5 ಕೆಜಿ ಹಸಿ ಸೊಪ್ಪಿಗೆ ನಿಲ್ಲಿಸುತ್ತೇನೆ. ಬಾಡಿಸಿ ಕೊಟ್ಟರೆ ಮೈಮೋಸಿನ್ ಸ್ವಲ್ಪ ಇಳಿಯುತ್ತದೆ. ಗಬ್ಬದ ಹಸುವಿಗೆ ಕೈ ಹಿಡಿದು ಹಾಕಿ. ಕುದುರೆ, ಹಂದಿ, ಮೊಲಕ್ಕೆ ಬೇಡವೇ ಬೇಡ. ಕಾಯಿ ಬಲಿಯುವ ಮೊದಲು ಒಂದು ಮೀಟರ್ ಎತ್ತರಕ್ಕೆ ಕತ್ತರಿಸುತ್ತಿರಿ. ಇಲ್ಲದಿದ್ದರೆ ಬೀಜ ಸಿಡಿದು ಪಕ್ಕದವರ ಹೊಲದಲ್ಲೂ ಸುಬಾಬುಲ್.

ಹೆಜ್ಜೆ 6: ಉಬ್ಬರ ಬಂದರೆ

ಕುದುರೆ ಮೆಂತೆ ಹಾಕಿದ ಮೊದಲ ವರ್ಷ ನನಗೆ ಈ ಪಾಠ ಆಯಿತು. ಬೆಳಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ಹಸಿದ ಹಸುವಿಗೆ ಒಂದು ಹೊರೆ ಹಾಗೇ ಹಾಕಿ ಪೇಟೆಗೆ ಹೋದೆ. ಬರುವಷ್ಟರಲ್ಲಿ ಎಡಪಕ್ಕೆ ತಮಟೆ ಹಾಗೆ ಬಿಗಿದಿತ್ತು. ತಟ್ಟಿದರೆ ಡಬ್ ಡಬ್ ಸದ್ದು. ಒಳಗೆ ಗಾಳಿ ನೊರೆಯಾಗಿ ಸಿಕ್ಕಿಕೊಂಡು ತೇಗಲು ಆಗುತ್ತಿರಲಿಲ್ಲ. ಮೀಥೇನ್ ಕಡಿಮೆ ಮಾಡಲು ಹೋಗಿ ತೇಗನ್ನೇ ನಿಲ್ಲಿಸಿದ್ದೆ! ಪಶುವೈದ್ಯರು ಬಂದರು, ಹಸು ಉಳಿಯಿತು.

ಹಾಗಾಗಿ ಕುದುರೆ ಮೆಂತೆ, ಅಲಸಂದೆಯನ್ನು ಕೊಯ್ದು ನಾಲ್ಕೈದು ಗಂಟೆ ಬಾಡಿಸಿ. ಮೊದಲು ಒಣಹುಲ್ಲು ಹಾಕಿ, ಆಮೇಲೆ ಸೊಪ್ಪು. ಖಾಲಿ ಹೊಟ್ಟೆಗೆ ಬೇಡ. ಉಬ್ಬರ ಕಂಡರೆ ಮೊದಲು ವೈದ್ಯರಿಗೆ ಫೋನ್ ಮಾಡಿ. ಅವರು ಬರುವವರೆಗೆ ಮುಂಗಾಲು ಎತ್ತರದಲ್ಲಿ ಇರುವಂತೆ ನಿಲ್ಲಿಸಿ, ಮಲಗಲು ಬಿಡಬೇಡಿ. ಅಡುಗೆ ಎಣ್ಣೆ ಕುಡಿಸುವ ರೂಢಿ ಸರಿ, ನೊರೆ ಒಡೆಯುತ್ತದೆ. ಆದರೆ ತಲೆ ಮೇಲೆತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಅಭ್ಯಾಸ ಇಲ್ಲದವರು ಕೈ ಹಾಕದಿರುವುದೇ ವಾಸಿ.

ಹೆಜ್ಜೆ 7: ಲೀಟರ್ ಲೆಕ್ಕ ಹಿಡಿಯಿರಿ

ಮೀಥೇನ್ ಅಳೆಯಲು ಪ್ರಯೋಗಾಲಯ ಬೇಕು, ಕೊಟ್ಟಿಗೆಯಲ್ಲಿ ಆಗದು. ಆದರೆ ಅಂದಾಜು ಸಾಧ್ಯ. ತಿಂದ ಪ್ರತಿ ಕೆಜಿ ಒಣ ಪದಾರ್ಥಕ್ಕೆ ಸುಮಾರು 20 ಗ್ರಾಂ ಮೀಥೇನ್ ಅಂತ ಇಟ್ಟುಕೊಳ್ಳಿ.

ಒಂದು ಉದಾಹರಣೆ. ಹಸು 12 ಕೆಜಿ ತಿಂದು 8 ಲೀಟರ್ ಹಾಲು ಕೊಡುತ್ತಿತ್ತು. ಮೀಥೇನ್ 240 ಗ್ರಾಂ, ಲೀಟರ್‌ಗೆ 30 ಗ್ರಾಂ. ದ್ವಿದಳ ಮೇವು ಸೇರಿಸಿದ ಮೇಲೆ ರುಚಿಗೆ ಜಾಸ್ತಿ ತಿಂದು 12.5 ಕೆಜಿ ಆಯಿತು, ಹಾಲು 10 ಲೀಟರ್‌ಗೆ ಏರಿತು ಅನ್ನಿ. ಮೀಥೇನ್ 250 ಗ್ರಾಂ. ಅಂದರೆ ಒಟ್ಟು ತೇಗು ಹೆಚ್ಚಾಗಿದೆ! ಆದರೆ ಲೀಟರ್‌ಗೆ 25 ಗ್ರಾಂ ಮಾತ್ರ. ಇದರಲ್ಲಿ ಒಗರಿನ ಪಾಲನ್ನು ಇನ್ನೂ ಸೇರಿಸಿಯೇ ಇಲ್ಲ. ಅದರಿಂದ ಹತ್ತು ಪರ್ಸೆಂಟ್ ಇಳಿದರೆ ಲೀಟರ್‌ಗೆ 22.5 ಗ್ರಾಂ. ‘ಹಸುವಿಗೆ ಎಷ್ಟು’ ಅಂತ ಕೇಳಿದರೆ ನಮ್ಮಂಥ ಒಣಹುಲ್ಲಿನ ನಾಡಿನಲ್ಲಿ ಉತ್ತರ ದಾರಿ ತಪ್ಪಿಸುತ್ತದೆ. ‘ಲೀಟರ್‌ಗೆ ಎಷ್ಟು’ ಅಂತ ಕೇಳಬೇಕು.

ಕಣ್ಣಿಗೆ ಕಾಣುವ ಗುರುತುಗಳನ್ನೂ ಬರೆದಿಡಿ. ಒಂದು ತುತ್ತಿಗೆ 50-60 ಸಲ ಮೆಲುಕು ಹಾಕಿದರೆ ನಾರು ಸರಿಯಿದೆ. ಸಗಣಿ ನೀರಾದರೆ ಸೊಪ್ಪು ಜಾಸ್ತಿ ಆಗಿದೆ. ಗಟ್ಟಿ ಉಂಡೆಯಾಗಿ, ಅರಗದ ನಾರು ಎದ್ದು ಕಂಡು, ಗೋದಲಿಯಲ್ಲಿ ಮೇವು ಉಳಿಯುತ್ತಿದ್ದರೆ ಒಗರು ಮಿತಿ ಮೀರಿರಬಹುದು. ಒಂದೆರಡು ಕೆಜಿ ಇಳಿಸಿ ಒಂದು ವಾರ ನೋಡಿ.

ಇನ್ನೂ ಕೆಲವು

ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಒಗರು ಹೆಚ್ಚಿರುವ ಸಸ್ಯಗಳಿಂದ ‘ಹರಿತ್ ಧಾರಾ’ ಅನ್ನುವ ಪೂರಕ ಆಹಾರ ಮಾಡಿದೆ. ಮೀಥೇನ್ ಶೇ. 17-20 ಇಳಿಯುತ್ತದೆ ಅನ್ನುವುದು ಸಂಸ್ಥೆಯ ಮಾತು. ಮೇವು ಬೆಳೆಯಲು ಜಾಗ ಇಲ್ಲದವರು ಇಂಥದ್ದನ್ನು ವಿಚಾರಿಸಬಹುದು.

ಮೇಕೆ ಒಗರನ್ನು ಹಸುವಿಗಿಂತ ಚೆನ್ನಾಗಿ ತಡೆಯುತ್ತದೆ. ಅದಕ್ಕೆ ಬೇಲಿ ಸೊಪ್ಪು ಕಟ್ಟಿ ತೂಗುಹಾಕಿ. ನೆಲಕ್ಕೆ ಹಾಕಿದರೆ ಅರ್ಧ ತುಳಿದು ಹಾಳು ಮಾಡುತ್ತದೆ.

ಬೇಸಿಗೆಯಲ್ಲಿ ರಸ್ತೆ ಬದಿಯ ಮಳೆಮರದ ಸಿಹಿ ಕಾಯಿ ಉದುರುತ್ತದೆ. ಅದೂ ದ್ವಿದಳ ಜಾತಿಯೇ, ಟ್ಯಾನಿನ್, ಸಪೋನಿನ್ ಎರಡೂ ಇವೆ. ಕುಟ್ಟಿ ಅರ್ಧ ಕೆಜಿ ಹಾಕಿ. ಇಡಿಯಾಗಿ ಹಾಕಿದರೆ ಬೀಜ ಹಾಗೇ ಸಗಣಿಯಲ್ಲಿ ಬರುತ್ತದೆ.

ಮಳೆಗಾಲದಲ್ಲಿ ಸೊಪ್ಪು ಮಿಕ್ಕಿದರೆ ಬರೀ ದ್ವಿದಳದ ರಸಮೇವು (ಸೈಲೇಜ್) ಮಾಡಬೇಡಿ, ಹುಳಿ ಸರಿಯಾಗಿ ಏರದೆ ಕೊಳೆಯುತ್ತದೆ. ಏಳು ಪಾಲು ಮುಸುಕಿನ ಜೋಳ, ಮೂರು ಪಾಲು ಅಲಸಂದೆ ಬೆರೆಸಿ. ಒಣಗಿಸುವುದಾದರೆ ನೆರಳಲ್ಲಿ, ಬೆಳಗಿನ ತೇವ ಇರುವಾಗಲೇ ಮಗುಚಿ. ಬಿಸಿಲೇರಿದ ಮೇಲೆ ಮಗುಚಿದರೆ ಎಲೆಯೆಲ್ಲ ಉದುರಿ ಕೈಗೆ ಕಡ್ಡಿ ಸಿಗುತ್ತದೆ.

ಬೇಲಿ ಮೆಂತೆಯ ಕೊನೆಯ ಎರಡು ಸಾಲು ಕೊಯ್ಯದೆ ಬಿಡಿ. ಕಾಯಿ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಬೆಳಗಿನ ಹೊತ್ತು ಬಿಡಿಸಿ, ಬಟ್ಟೆ ಚೀಲಕ್ಕೆ ಹಾಕಿ. ಒಂದು ದಿನ ತಡವಾದರೂ ಸಿಡಿದು ಮಣ್ಣು ಸೇರುತ್ತದೆ. ಮುಂದಿನ ಸಲ ಬೀಜ ಕೇಳಿಕೊಂಡು ಪಕ್ಕದ ಮನೆಯವರು ನಿಮ್ಮಲ್ಲಿಗೇ ಬರುತ್ತಾರೆ. ಅವರಿಗೆ ಬಿಸಿನೀರಿನ ವಿಷಯ ಹೇಳಿ ಕೊಡಿ.